ವಿಸಿಟಿಂಗ್ ಕಾರ್ಡು, ಕೊಲೆ ಮತ್ತು 1987ರ ನ್ಯೂಯಾರ್ಕ್

'ಅಮೆರಿಕನ್ ಸೈಕೋ' ಸಿನಿಮಾದ ಬಗ್ಗೆ ಬರೆಯೋಣ ಅಂತ ಕೂತರೆ ಮೊದಲ ತೊಂದರೆ ಅದರ ಹೆಸರೇ. ಹೆಸರು ಕೇಳಿದ ಅರ್ಧ ಜನ ರಕ್ತ, ಕೊಡಲಿ, ಗರಗಸ ಅಂತ ಹೆದರಿ ದೂರ ಹೋಗುತ್ತಾರೆ. ಉಳಿದರ್ಧ ಜನ ಅದಕ್ಕಾಗಿಯೇ ಹತ್ತಿರ ಬರುತ್ತಾರೆ. ನನಗೆ ಇದು ಮುಖ್ಯವಾಗಿ ಒಂದು ಊರಿನ, ಒಂದು ದಶಕದ ಚರಿತ್ರೆಯಾಗಿ ಕಾಣುತ್ತದೆ. ಹಾಗಾಗಿ ವಿಮರ್ಶೆ ಬದಿಗಿಟ್ಟು, ಆ ಚರಿತ್ರೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ ಅಂತ ಈ ಬರಹ.

ಕತೆ ಗೊತ್ತಿಲ್ಲದವರಿಗೆ ಎರಡೇ ಮಾತು. ಪ್ಯಾಟ್ರಿಕ್ ಬೇಟ್‌ಮನ್ ಅಂತ 27ರ ಹುಡುಗ. ವಾಲ್ ಸ್ಟ್ರೀಟಿನಲ್ಲಿ ಕೆಲಸ, ಹಾರ್ವರ್ಡ್ ಓದು, ಶ್ರೀಮಂತ ಅಪ್ಪ, ಒಳ್ಳೆ ಮೈಕಟ್ಟು. ಬೆಳಗ್ಗೆ ಎದ್ದು ಮುಖಕ್ಕೆ ಏಳೆಂಟು ಥರದ ಲೇಪ ಹಚ್ಚಿಕೊಳ್ಳುತ್ತಾನೆ, ರಾತ್ರಿ ಜನರನ್ನು ಕೊಲ್ಲುತ್ತಾನೆ. ನಿಜವಾಗಿ ಕೊಲ್ಲುತ್ತಾನೋ ಅಥವಾ ಎಲ್ಲ ಅವನ ತಲೆಯೊಳಗೇ ನಡೆಯುತ್ತದೋ ಅನ್ನೋದು ಕೊನೆಗೂ ಸ್ಪಷ್ಟವಾಗುವುದಿಲ್ಲ. ನಿರ್ದೇಶಕಿ ಮೇರಿ ಹ್ಯಾರನ್, ಬೇಟ್‌ಮನ್ ಆಗಿ ಕ್ರಿಶ್ಚಿಯನ್ ಬೇಲ್. ಬಂದದ್ದು 2000ದಲ್ಲಿ. ಮೂಲ ಬ್ರೆಟ್ ಈಸ್ಟನ್ ಎಲ್ಲಿಸ್ 1991ರಲ್ಲಿ ಪ್ರಕಟಿಸಿದ ಕಾದಂಬರಿ.

ಎಲ್ಲರ ಬಾಯಲ್ಲೂ ಇರುವುದು ವಿಸಿಟಿಂಗ್ ಕಾರ್ಡಿನ ದೃಶ್ಯ. ನಾಲ್ಕು ಜನ ಮೀಟಿಂಗ್ ರೂಮಿನಲ್ಲಿ ಕೂತು ತಮ್ಮ ತಮ್ಮ ಕಾರ್ಡು ತೆಗೆದು ಮೇಜಿನ ಮೇಲಿಡುತ್ತಾರೆ. ಕಾಗದದ ಬಣ್ಣ, ಅಕ್ಷರದ ಮಾದರಿ, ದಪ್ಪ ಎಷ್ಟು... ಒಂದೊಂದು ಕಾರ್ಡು ಬಿದ್ದಾಗಲೂ ಬೇಟ್‌ಮನ್ ಮುಖ ಬಿಳಿಚಿಕೊಳ್ಳುತ್ತದೆ. ಪಾಲ್ ಆಲನ್ ಅನ್ನುವವನ ಕಾರ್ಡು ಕೈಗೆ ಬಂದಾಗ ಬೆವರೇ ಕಿತ್ತುಕೊಂಡು ಬರುತ್ತದೆ. ಸಿನಿಮಾ ನಿಲ್ಲಿಸಿ ನೋಡಿ. ಕಾರ್ಡುಗಳೆಲ್ಲ ಹೆಚ್ಚುಕಮ್ಮಿ ಒಂದೇ! ಎಲ್ಲರೂ ವೈಸ್ ಪ್ರೆಸಿಡೆಂಟುಗಳೇ, ಫೋನ್ ನಂಬರೂ ಒಂದೇ. ಸಾಲದ್ದಕ್ಕೆ 'ಅಕ್ವಿಸಿಷನ್ಸ್' ಅನ್ನುವ ಪದದಲ್ಲಿ ಒಂದು ಅಕ್ಷರವೇ ಬಿಟ್ಟುಹೋಗಿದೆ. ಪ್ರಾಣ ಹೋಗುವಷ್ಟು ಹೊಟ್ಟೆಕಿಚ್ಚು ಪಡುವವರಿಗೆ ತಮ್ಮ ಕೆಲಸದ ಹೆಸರಿನ ಕಾಗುಣಿತ ತಪ್ಪಿರುವುದು ಕಾಣಿಸುವುದಿಲ್ಲ.

ಆ ಕೆಲಸ ಏನು ಅಂತಲೂ ಸಿನಿಮಾದಲ್ಲಿ ಯಾರೂ ಹೇಳುವುದಿಲ್ಲ. ಬೇಟ್‌ಮನ್ ಕೆಲಸ ಮಾಡುವುದನ್ನು ನಾವು ನೋಡುವುದೇ ಇಲ್ಲ. ಆಫೀಸಿನಲ್ಲಿ ಹಾಡು ಕೇಳುತ್ತಾನೆ, ಡೈರಿಯಲ್ಲಿ ಏನೋ ಗೀಚುತ್ತಾನೆ, ಊಟಕ್ಕೆ ಟೇಬಲ್ ಬುಕ್ ಮಾಡಿಸುತ್ತಾನೆ. ಅವನಿರುವ ವಿಭಾಗ 'ಮರ್ಜರ್ಸ್ ಅಂಡ್ ಅಕ್ವಿಸಿಷನ್ಸ್', ಅಂದರೆ ಕಂಪನಿಗಳ ವಿಲೀನ ಮತ್ತು ಖರೀದಿ. ಕ್ಲಬ್ಬಿನಲ್ಲಿ ಒಬ್ಬ ಹುಡುಗಿ ಕೇಳಿದಾಗ ಅವನು ಮರ್ಜರ್ ಬದಲು ಮರ್ಡರ್ ಅಂತಾನೆ. ಅವಳಿಗೆ ಅದು ಮರ್ಜರ್ ಅಂತಲೇ ಕೇಳಿಸುತ್ತದೆ. ನಗು ಬರುತ್ತದೆ. ಆದರೆ ಆ ಕಾಲದ ಲೆಕ್ಕ ಗೊತ್ತಿದ್ದರೆ ಇದು ಬರೀ ಪದಗಳ ಆಟ ಅಲ್ಲ.

1980ರ ದಶಕದ ಅಮೆರಿಕದಲ್ಲಿ ಕಂಪನಿ ಕೊಳ್ಳುವ ಒಂದು ದಾರಿ ಹೀಗಿತ್ತು. ನಿಮ್ಮ ಹತ್ತಿರ ಅಷ್ಟು ದುಡ್ಡಿಲ್ಲ, ಸಾಲ ತರುತ್ತೀರಿ. ಕೊಂಡ ಮೇಲೆ ಆ ಸಾಲವನ್ನು ಕೊಂಡ ಕಂಪನಿಯ ತಲೆ ಮೇಲೆಯೇ ಹೊರಿಸುತ್ತೀರಿ. ಕಂಪನಿ ಬಡ್ಡಿ ಕಟ್ಟಬೇಕು, ಅದಕ್ಕಾಗಿ ಒಂದೊಂದೇ ಘಟಕ ಮಾರುತ್ತೀರಿ, ಜನರನ್ನು ಮನೆಗೆ ಕಳಿಸುತ್ತೀರಿ. ಹಸುವನ್ನು ಸಾಲದಲ್ಲಿ ತಂದು, ಸಾಲ ತೀರಿಸೋದಕ್ಕೆ ಅದರ ಕಾಲು ಕಡಿದು ಮಾರಿದ ಹಾಗೆ! ಇದಕ್ಕೆ 'ಲೆವರೇಜ್ಡ್ ಬೈಔಟ್' ಅಂತ ಹೆಸರು. ಸಾಲಕ್ಕೆ ಬೇಕಾದ 'ಜಂಕ್ ಬಾಂಡ್' ಮಾರುಕಟ್ಟೆಯ ರಾಜ ಡ್ರೆಕ್ಸೆಲ್ ಬರ್ನ್‌ಹ್ಯಾಮ್ ಲ್ಯಾಂಬರ್ಟ್ ಕಂಪನಿಯ ಮೈಕೆಲ್ ಮಿಲ್ಕನ್. 1987 ಒಂದೇ ವರ್ಷ ಅವನಿಗೆ ಸಿಕ್ಕಿದ ಸಂಬಳ-ಬೋನಸ್ 55 ಕೋಟಿ ಡಾಲರ್. 1988ರ ಕೊನೆಯಲ್ಲಿ ಸಿಗರೇಟು-ಬಿಸ್ಕತ್ತಿನ ಆರ್‌ಜೆಆರ್ ನಬಿಸ್ಕೊ ಕಂಪನಿಯನ್ನು ಕೆಕೆಆರ್ ಸುಮಾರು 2,500 ಕೋಟಿ ಡಾಲರಿಗೆ ಕೊಂಡಿತು.

ಸರ್ಕಾರವೂ ಜೊತೆಗಿತ್ತು. ರೇಗನ್ ಬಂದಾಗ ಅತಿ ಹೆಚ್ಚು ಆದಾಯದ ಮೇಲಿನ ತೆರಿಗೆ ಶೇ. 70 ಇತ್ತು. 1981ರ ಕಾನೂನಿನಿಂದ ಅದು 50ಕ್ಕೆ, 1986ರ ಕಾನೂನಿನಿಂದ 28ಕ್ಕೆ ಇಳಿಯಿತು. 1986ರ ಮೇ ತಿಂಗಳಲ್ಲಿ ಐವನ್ ಬೋಸ್ಕಿ ಎಂಬ ಷೇರು ವ್ಯಾಪಾರಿ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ಮುಂದೆ ನಿಂತು ದುರಾಸೆ ತಪ್ಪಲ್ಲ, ಆರೋಗ್ಯಕರ ಅಂತ ಭಾಷಣ ಮಾಡಿದ. ಚಪ್ಪಾಳೆ ಬಿತ್ತಂತೆ. ಆರು ತಿಂಗಳಿಗೆ ಒಳಗುಟ್ಟಿನ ವ್ಯಾಪಾರ ಮಾಡಿ ಸಿಕ್ಕಿಬಿದ್ದು 10 ಕೋಟಿ ಡಾಲರ್ ಕಟ್ಟಿದ, ಜೈಲಿಗೂ ಹೋದ. 1987ರ ಅಕ್ಟೋಬರ್ 19, ಸೋಮವಾರ, ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ 508 ಅಂಶ, ಅಂದರೆ ಶೇ. 22.6 ಬಿತ್ತು. ಡ್ರೆಕ್ಸೆಲ್ 1990ರಲ್ಲಿ ದಿವಾಳಿ. ಮಿಲ್ಕನ್ ತಪ್ಪೊಪ್ಪಿಕೊಂಡು ಜೈಲಿಗೆ ಹೋಗಿ, ಎರಡು ವರ್ಷ ತುಂಬುವುದರೊಳಗೆ ಹೊರಬಂದ. 2020ರಲ್ಲಿ ಅವನಿಗೆ ಕ್ಷಮಾದಾನ ಕೊಟ್ಟ ಅಧ್ಯಕ್ಷರು ಡೊನಾಲ್ಡ್ ಟ್ರಂಪ್. ಎಲ್ಲಿಸ್ ಕಾದಂಬರಿಯಲ್ಲಿ ಬೇಟ್‌ಮನ್ ಆರಾಧಿಸುವ ವ್ಯಕ್ತಿ ಯಾರು ಗೊತ್ತೇ? ಅದೇ ಟ್ರಂಪ್! 1991ರಲ್ಲಿ ಬರೆದವರಿಗೆ ಇದು ಹೇಗೆ ಗೊತ್ತಿರಬೇಕು ಪಾಪ.

ಈಗ ಕಾರ್ಡಿನ ದೃಶ್ಯಕ್ಕೆ ವಾಪಸ್ ಬರೋಣ. ಅದರ ಮುಂದಿನ ದೃಶ್ಯ ಎಷ್ಟು ಜನರಿಗೆ ನೆನಪಿದೆ? ಕಾರ್ಡಿನಲ್ಲಿ ಸೋತ ಬೇಟ್‌ಮನ್ ಅದೇ ರಾತ್ರಿ ಗಲ್ಲಿಯೊಂದರಲ್ಲಿ ನಾಯಿಯ ಜೊತೆ ಮಲಗಿರುವ, ಮನೆಯಿಲ್ಲದ ಆಲ್ ಅನ್ನುವವನ ಮುಂದೆ ನಿಲ್ಲುತ್ತಾನೆ. ಮೊದಲು ಸಹಾಯ ಮಾಡುವವನ ಹಾಗೆ ಮಾತಾಡುತ್ತಾನೆ. ಯಾಕೆ ಕೆಲಸ ಹುಡುಕಿಕೊಳ್ಳಲ್ಲ ಅಂತ ಬುದ್ಧಿ ಹೇಳುತ್ತಾನೆ. ಆಮೇಲೆ ವಾಸನೆ ಬರುತ್ತಿದ್ದೀಯ ಅಂತ ಹೀಯಾಳಿಸಿ, ಚಾಕು ಹಾಕುತ್ತಾನೆ. ಬೇಟ್‌ಮನ್ ಕಾರ್ಡಿನ ತುಣುಕುಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ, ಆಲ್‌ನ ತುಣುಕು ಯಾರೂ ಕಳಿಸುವುದಿಲ್ಲ.

ಆಲ್ ಎಲ್ಲಿಂದ ಬಂದ? ನ್ಯೂಯಾರ್ಕಿನಲ್ಲಿ ಹಿಂದೆ ಬಡ ಒಂಟಿ ಗಂಡಸರಿಗೆ ಅಂತಲೇ ಸಾವಿರಾರು ಅಗ್ಗದ ಕೋಣೆಗಳ ಹೋಟೆಲುಗಳಿದ್ದವು. ಒಂದು ಮಂಚ, ಒಂದು ಬಲ್ಬು, ಸ್ನಾನದ ಮನೆ ಎಲ್ಲರಿಗೂ ಸೇರಿ ಒಂದು. ನಗರದ 'ಜೆ-51' ಅನ್ನುವ ತೆರಿಗೆ ರಿಯಾಯಿತಿ ಸಿಗುತ್ತದೆ ಅಂತ ಮಾಲೀಕರು ಅಂಥ ಕಟ್ಟಡಗಳನ್ನು ಖಾಲಿ ಮಾಡಿಸಿ ಒಳ್ಳೊಳ್ಳೆ ಅಪಾರ್ಟ್‌ಮೆಂಟು ಮಾಡತೊಡಗಿದರು. ಇನ್ನೊಂದು ಕಡೆ ಸರ್ಕಾರಿ ಮಾನಸಿಕ ಆಸ್ಪತ್ರೆಗಳು ರೋಗಿಗಳನ್ನು ಹೊರಗೆ ಕಳಿಸಿದ್ದವು, ಹೊರಗೆ ಅವರಿಗೆ ಜಾಗ ಮಾಡಿಟ್ಟವರು ಯಾರೂ ಇರಲಿಲ್ಲ.

1979ರಲ್ಲಿ ರಾಬರ್ಟ್ ಹೇಯ್ಸ್ ಎಂಬ ತರುಣ ವಕೀಲ ಇವರ ಪರವಾಗಿ ನ್ಯೂಯಾರ್ಕಿನ ಮೇಲೆ ಮೊಕದ್ದಮೆ ಹಾಕಿದ. ಆತ ಕೆಲಸ ಮಾಡುತ್ತಿದ್ದದ್ದು ಸಲಿವನ್ ಅಂಡ್ ಕ್ರಾಮ್‌ವೆಲ್‌ನಲ್ಲಿ. ಶುದ್ಧ ವಾಲ್ ಸ್ಟ್ರೀಟ್ ಸಂಸ್ಥೆ, ಬೇಟ್‌ಮನ್ ಥರದವರಿಗೆ ಕಾಗದಪತ್ರ ಮಾಡಿಕೊಡುವಂಥದ್ದು! ಬಡವರ ಪಾಲನೆ ರಾಜ್ಯದ ಹೊಣೆ ಅಂತ ನ್ಯೂಯಾರ್ಕ್ ರಾಜ್ಯದ ಸಂವಿಧಾನದಲ್ಲಿ 1938ರಿಂದ ಒಂದು ವಾಕ್ಯ ಇದೆ. ಅದನ್ನು ಹಿಡಿದುಕೊಂಡು ವಾದ. ಅರ್ಜಿದಾರರಲ್ಲಿ ಮೊದಲನೆಯವನು ರಾಬರ್ಟ್ ಕ್ಯಾಲಹನ್, ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವನು, ಆಗ ಬವರಿ ಬೀದಿಯಲ್ಲಿ ದಿನ ದೂಡುತ್ತಿದ್ದ. 1981ರ ಆಗಸ್ಟಿನಲ್ಲಿ ಒಪ್ಪಂದ ಆಯಿತು: ಆಶ್ರಯ ಕೇಳಿ ಬಂದ, ಅರ್ಹನಾದ ಪ್ರತಿ ಗಂಡಸಿಗೂ ನಗರ ಮಲಗುವ ಜಾಗ ಕೊಡಬೇಕು. ಹೆಂಗಸರಿಗೂ ಕುಟುಂಬಗಳಿಗೂ ಇದು ಮುಂದೆ ಬೇರೆ ಮೊಕದ್ದಮೆಗಳಿಂದ ಸಿಕ್ಕಿತು. ಕ್ಯಾಲಹನ್ ಆ ಸಹಿ ನೋಡಲಿಲ್ಲ. ಅಷ್ಟು ಹೊತ್ತಿಗೆ ಬೀದಿಯಲ್ಲೇ ಸತ್ತಿದ್ದ. ಮೊಕದ್ದಮೆಗೆ ಮಾತ್ರ ಅವನ ಹೆಸರೇ ಉಳಿಯಿತು. ಕಾದಂಬರಿ, ಸಿನಿಮಾ ಎರಡರಲ್ಲೂ ಇದ್ಯಾವುದೂ ಇಲ್ಲ. ಆದರೆ ಆಲ್ ಸಾಯುವ ಗಲ್ಲಿ ನೋಡಿದಾಗೆಲ್ಲ ನನಗೆ ಕ್ಯಾಲಹನ್ ನೆನಪಾಗುತ್ತಾನೆ.

ಇನ್ನು ನನ್ನ ಮಟ್ಟಿಗೆ ಸಿನಿಮಾದ ಅತಿ ಭಯಾನಕ ದೃಶ್ಯದಲ್ಲಿ ಒಂದು ಹನಿ ರಕ್ತವೂ ಇಲ್ಲ. ಪಾಲ್ ಆಲನ್‌ನ ಮನೆಯಲ್ಲಿ ಹೆಣಗಳನ್ನು ಬಿಟ್ಟಿದ್ದ ಬೇಟ್‌ಮನ್ ಒಂದು ದಿನ ಮೂಗಿಗೆ ಮಾಸ್ಕ್ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಾನೆ. ಮನೆ ಖಾಲಿ. ಗೋಡೆಗೆ ಹೊಸ ಬಿಳಿ ಬಣ್ಣ. ಬ್ರೋಕರ್ ಹೆಂಗಸು ಗಿರಾಕಿಗಳಿಗೆ ಮನೆ ತೋರಿಸುತ್ತಿದ್ದಾಳೆ. ಪೇಪರಿನ ಜಾಹೀರಾತು ನೋಡಿ ಬಂದಿರಾ ಅಂತ ಕೇಳುತ್ತಾಳೆ, ಇವನು ಹೌದು ಅಂತಾನೆ. ಜಾಹೀರಾತೇ ಕೊಟ್ಟಿರಲಿಲ್ಲ ಅಂತಾಳೆ ಅವಳು. ಅಷ್ಟೇ. ದನಿ ಏರಿಸದೆ, ಗಲಾಟೆ ಮಾಡಬೇಡಿ, ಹೊರಡಿ, ಮತ್ತೆ ಬರಬೇಡಿ ಅಂತ ಕಳಿಸಿಬಿಡುತ್ತಾಳೆ. ಎಲ್ಲ ಅವನ ಭ್ರಮೆ ಅನ್ನುವವರಿಗೂ ಇದೇ ಸಾಕ್ಷಿ. ನಾನು ಒಪ್ಪುವ ಓದು ಇನ್ನೊಂದು: ಅವಳಿಗೆ ಎಲ್ಲ ಗೊತ್ತು. ಕೊಲೆ ನಡೆದ ಮನೆ ಅಂತ ಸುದ್ದಿಯಾದರೆ ಬೆಲೆ ಬೀಳುತ್ತದೆ, ಆದ್ದರಿಂದ ಬಳಿದು ಮುಚ್ಚಿದ್ದಾಳೆ. ಮನೆ ಬೆಲೆಗೆ ರೆಕ್ಕೆ ಬಂದಿದ್ದ ಆ ಕಾಲದ ಮ್ಯಾನ್‌ಹಟನ್‌ನಲ್ಲಿ ಇದು ಅಷ್ಟೇನೂ ದೂರದ ಊಹೆ ಅಲ್ಲ. ಕೊಲೆಗಾರ ತಪ್ಪೊಪ್ಪಿಕೊಳ್ಳಲು ಬಂದರೂ ಊರು ಕೇಳಿಸಿಕೊಳ್ಳುವುದಿಲ್ಲ. ಮುಂದೆ ಅವನ ವಕೀಲನೂ ಅವನನ್ನು ಬೇರೆ ಯಾರೋ ಅಂದುಕೊಂಡು ನಕ್ಕುಬಿಡುತ್ತಾನೆ. ಕೊನೆಯಲ್ಲಿ ಬಾರಿನ ಟಿವಿಯಲ್ಲಿ ರೇಗನ್ ಇರಾನ್-ಕಾಂಟ್ರಾ ಹಗರಣದ ಬಗ್ಗೆ ಮಾತಾಡುತ್ತಿರುತ್ತಾರೆ.

ಪುಸ್ತಕ ಹೊರಬಂದ ಕತೆಯೂ ಇಷ್ಟೇ ರಗಳೆಯದ್ದು. ಎಲ್ಲಿಸ್ ಹುಟ್ಟಿದ್ದು 1964ರಲ್ಲಿ, ಮೊದಲ ಕಾದಂಬರಿ 'ಲೆಸ್ ದ್ಯಾನ್ ಝೀರೋ' ಬಂದಾಗ ಇನ್ನೂ ಕಾಲೇಜು ಹುಡುಗ. 'ಅಮೆರಿಕನ್ ಸೈಕೋ'ಗೆ ಸೈಮನ್ ಅಂಡ್ ಶುಸ್ಟರ್ ಮುಂಗಡ ಕೊಟ್ಟಿತ್ತು. ಹೆಂಗಸರ ಕೊಲೆಯ ಭಾಗಗಳು ಪತ್ರಿಕೆಗಳಲ್ಲಿ ಬಯಲಾಗಿ ಗದ್ದಲ ಎದ್ದಾಗ, 1990ರ ನವೆಂಬರಿನಲ್ಲಿ ಅದು ಕೈತೊಳೆದುಕೊಂಡಿತು. ಕೂಡಲೇ ಎತ್ತಿಕೊಂಡವರು ನಾಫ್ ಪ್ರಕಾಶನದ ಮುಖ್ಯಸ್ಥ, ದೆಹಲಿಯಲ್ಲಿ ಹುಟ್ಟಿದ ಸನ್ನಿ ಮೆಹ್ತಾ. 1991ರಲ್ಲಿ ಅವರ ಬಳಗದ ವಿಂಟೇಜ್‌ನಿಂದ ಪೇಪರ್‌ಬ್ಯಾಕ್ ಆಗಿ ಬಂತು. ಅಮೆರಿಕದ ಮಹಿಳಾ ಸಂಘಟನೆ 'ನೌ'ನ ಲಾಸ್ ಏಂಜಲೀಸ್ ಘಟಕ ಬಹಿಷ್ಕಾರಕ್ಕೆ ಕರೆಕೊಟ್ಟಿತು. ಆಸ್ಟ್ರೇಲಿಯಾದಲ್ಲಿ ಪ್ಲಾಸ್ಟಿಕ್ ಸುತ್ತಿ, ವಯಸ್ಕರಿಗೆ ಮಾತ್ರ ಅಂತ ಮಾರಿದರು.

ಬಹಿಷ್ಕಾರ ಕೇಳಿದವರನ್ನು ಮೂರ್ಖರು ಅಂತ ತಳ್ಳಿಹಾಕುವುದು ಈಗ ಫ್ಯಾಷನ್. ನಾನು ಹಾಗನ್ನಲಾರೆ. ಪುಸ್ತಕದ ಕೆಲವು ಪುಟ ಓದಿದರೆ ಹೊಟ್ಟೆ ತೊಳಸುತ್ತದೆ. ಅಣಕ ಯಾರ ಮೇಲೆ, ಸುಖ ಯಾರಿಗೆ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಎಲ್ಲಿಸ್ ಬಹಳ ಕಾಲ ಬೇಟ್‌ಮನ್ ತನ್ನ ಅಪ್ಪನ ನೆರಳು ಅಂತ ಹೇಳಿಕೊಂಡು ಬಂದು, 2010ರ ಹೊತ್ತಿಗೆ ಅದು ನಾನೇ ಅಂದರು.

ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಸಿನಿಮಾ, ಅದೂ ಇಬ್ಬರು ಹೆಂಗಸರು: ನಿರ್ದೇಶಕಿ ಹ್ಯಾರನ್ ಮತ್ತು ಜೊತೆಗೆ ಚಿತ್ರಕತೆ ಬರೆದ ಗ್ವಿನವೀರ್ ಟರ್ನರ್. ಅತಿ ಕ್ರೂರ ಪುಟಗಳನ್ನು ಬಿಟ್ಟರು, ಹಲವು ಕೊಲೆಗಳನ್ನು ತೆರೆಯ ಹೊರಗಿಟ್ಟರು, ಬೇಟ್‌ಮನ್‌ನನ್ನು ನಗೆಪಾಟಲಿನ ವಸ್ತು ಮಾಡಿದರು. ಬೇಟ್‌ಮನ್ ಕೈಯಲ್ಲಿ ಸಾಯುವ ಎಲಿಝಬೆತ್ ಪಾತ್ರ ಮಾಡಿದ್ದೂ ಟರ್ನರ್ ಅವರೇ. ಕೊಲೆಗಾರ ಹಾಸಿಗೆಯಲ್ಲಿದ್ದಾಗಲೂ ಕನ್ನಡಿ ನೋಡಿಕೊಂಡು ತೋಳು ಬಿಗಿಯುವ ದೃಶ್ಯ ನೆನಪಿಸಿಕೊಳ್ಳಿ. ಅಂಥವನಿಗೆ ಯಾರು ಹೆದರುತ್ತಾರೆ, ಯಾರು ಮರುಳಾಗುತ್ತಾರೆ ಅಂತ ಅವರ ಲೆಕ್ಕ.

ಅದೂ ಸುಲಭವಾಗಿ ಆಗಲಿಲ್ಲ. 1998ರಲ್ಲಿ ಲಯನ್ಸ್‌ಗೇಟ್ ಕಂಪನಿ, ಆಗಷ್ಟೇ 'ಟೈಟಾನಿಕ್' ಗೆದ್ದಿದ್ದ ಲಿಯೊನಾರ್ಡೊ ಡಿಕಾಪ್ರಿಯೊಗೆ ಸುಮಾರು 2 ಕೋಟಿ ಡಾಲರ್ ಕೊಡಲು ಮುಂದಾಯಿತು. ಬೇಲ್ ಬಿಟ್ಟು ಬೇರೆಯವರು ಬೇಡ ಅಂತ ಹ್ಯಾರನ್ ಹೊರನಡೆದರು, ಆಲಿವರ್ ಸ್ಟೋನ್ ಬಂದರು. ಡಿಕಾಪ್ರಿಯೊ 'ದ ಬೀಚ್' ಕಡೆಗೆ ಹೋದ ಮೇಲೆ ಹ್ಯಾರನ್, ಬೇಲ್ ಮರಳಿ ಬಂದು ಸುಮಾರು 70 ಲಕ್ಷ ಡಾಲರಿನಲ್ಲಿ ಮುಗಿಸಿದರು. ಚಿತ್ರೀಕರಣ ಹೆಚ್ಚಾಗಿ ಟೊರಾಂಟೊದಲ್ಲಿ. ಸರಣಿ ಅತ್ಯಾಚಾರಿ, ಕೊಲೆಗಾರ ಪಾಲ್ ಬರ್ನಾರ್ಡೊ ಮನೆಯಲ್ಲಿ ಈ ಪುಸ್ತಕ ಇತ್ತು ಅಂತ ಹಿಂದೆ ಸುದ್ದಿಯಾಗಿತ್ತು, ಹಾಗಾಗಿ ಅಲ್ಲೂ ಪ್ರತಿಭಟನೆ. ಸೆರುಟಿ ಕಂಪನಿಯವರು ಬೇಲ್ ನಮ್ಮ ಸೂಟು ಹಾಕಿಕೊಳ್ಳಲಿ, ಕೊಲೆ ಮಾಡುವಾಗ ಮಾತ್ರ ಬೇಡ ಅಂದರಂತೆ!

ನಿರ್ಮಾಪಕರಲ್ಲಿ ಒಬ್ಬರು ಎಡ್ವರ್ಡ್ ಪ್ರೆಸ್‌ಮನ್. 1987ರಲ್ಲಿ ಸ್ಟೋನ್ ಅವರ 'ವಾಲ್ ಸ್ಟ್ರೀಟ್' ನಿರ್ಮಿಸಿದ್ದೂ ಅವರೇ. ಅದರ ಖಳನಾಯಕ ಗಾರ್ಡನ್ ಗೆಕ್ಕೊನನ್ನು ನೋಡಿಯೇ ಷೇರುಪೇಟೆಗೆ ಬಂದೆವು ಅಂತ ಹುಡುಗರು ಮೈಕೆಲ್ ಡಗ್ಲಸ್‌ಗೆ ಬಂದು ಹೇಳುತ್ತಿದ್ದರು. ಬೇಟ್‌ಮನ್‌ಗೂ ಅದೇ ಆಗಿದೆ. ಇಂಟರ್ನೆಟ್ಟಿನಲ್ಲಿ 'ಸಿಗ್ಮಾ' ಗಂಡಸು ಅಂತ ಅವನ ಬೆಳಗಿನ ವ್ಯಾಯಾಮ, ಇಯರ್‌ಫೋನು ಹಾಕಿ ಆಫೀಸಿಗೆ ನಡೆಯುವ ಠೀವಿ ಎಲ್ಲ ಆದರ್ಶವಾಗಿ ಓಡಾಡುತ್ತವೆ. 2025ರಲ್ಲಿ, ಚಿತ್ರಕ್ಕೆ 25 ತುಂಬಿದಾಗ, ಹ್ಯಾರನ್ ಇದನ್ನು ಕಂಡು ತನಗೆ ಅರ್ಥವೇ ಆಗುವುದಿಲ್ಲ ಅನ್ನುವ ಧಾಟಿಯಲ್ಲಿ ಮಾತಾಡಿದರು. ಗಂಡಸುತನದ ಮೇಲೆ ಒಬ್ಬ ಸಲಿಂಗಿ ಲೇಖಕ ಬರೆದ ಅಣಕ ಅದು, ಅದರಲ್ಲಿ ಆದರ್ಶ ಎಲ್ಲಿ ಕಂಡಿತು ಅಂತ ಅವರ ಬೆರಗು.

ಇನ್ನೊಂದು ರೂಪ ಬರಲಿದೆ ಅಂತ 2024ರಲ್ಲಿ ಲಯನ್ಸ್‌ಗೇಟ್ ಘೋಷಿಸಿತು, ಲುಕಾ ಗ್ವಾಡಗ್ನಿನೊ ನಿರ್ದೇಶನ. ಬೇಟ್‌ಮನ್ ಆಗಿ ಯಾರು ಅನ್ನುವುದರ ಬಗ್ಗೆಯೇ ಎಲ್ಲರ ಚರ್ಚೆ. ನನಗೆ ಕುತೂಹಲ ಆಲ್ ಮತ್ತು ಆ ಬ್ರೋಕರ್ ಹೆಂಗಸಿನ ಪಾತ್ರಕ್ಕೆ ಯಾರು ಅಂತ. ಹಳೆಯದನ್ನು ನೋಡಿದವರು ಆ ಬಿಳಿ ಗೋಡೆಯ ದೃಶ್ಯ ಇನ್ನೊಮ್ಮೆ ನೋಡಿ. ಅವಳಿಗೆ ಗೊತ್ತಿತ್ತಾ ಇಲ್ಲವಾ, ನಿಮಗೇನನ್ನಿಸಿತು ಹೇಳಿ.