ಸೂಜಿಗಲ್ಲಿನಂತೆ ಸೆಳೆದ ಶಾಲೆ

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ ಒಂದು ಸರ್ಕಾರಿ ಪ್ರೌಢಶಾಲೆಯಿದೆ. ಅಲ್ಲಿ ಗಣಿತ, ವಿಜ್ಞಾನ, ಚರಿತ್ರೆಗಳಂತೆಯೇ ಸಂಗೀತ, ನೃತ್ಯ, ನಾಟಕ, ಚಿತ್ರಕಲೆಗಳೂ ಮುಖ್ಯ ಪಾಠಗಳು. ಪ್ರವೇಶ ಬಯಸುವ ವಿದ್ಯಾರ್ಥಿ ಮೊದಲು ತನ್ನ ಕಲೆಯನ್ನು ಪ್ರದರ್ಶಿಸಿ ತೋರಿಸಬೇಕು. ಇಂಥ ಶಾಲೆಗಳನ್ನು ಅಲ್ಲಿ 'ಮ್ಯಾಗ್ನೆಟ್ ಶಾಲೆ' ಎನ್ನುತ್ತಾರೆ. ಮ್ಯಾಗ್ನೆಟ್ ಎಂದರೆ ಸೂಜಿಗಲ್ಲು. ಶಾಲೆಯೊಂದು ಮಕ್ಕಳನ್ನು ಸೂಜಿಗಲ್ಲಿನಂತೆ ಸೆಳೆಯಬೇಕಾದ ಅಗತ್ಯವೇನಿತ್ತು? ಉತ್ತರ ಆ ಶಾಲೆಯ ಚರಿತ್ರೆಯಲ್ಲಿಯೇ ಇದೆ.

ಡಲ್ಲಾಸಿನಲ್ಲಿ ಕಪ್ಪು ಜನರ ಮಕ್ಕಳಿಗೆಂದು ಪ್ರತ್ಯೇಕ ಪ್ರೌಢಶಾಲೆ ಆರಂಭವಾದದ್ದು 1892ರಲ್ಲಿ. 1922ರಲ್ಲಿ ಅದು ಹೊಸ ಕಟ್ಟಡಕ್ಕೆ ಬಂದಿತು. ಗುಲಾಮಗಿರಿಯಲ್ಲಿ ಹುಟ್ಟಿ ಹೆಸರಾಂತ ಶಿಕ್ಷಣತಜ್ಞರಾದ ಬೂಕರ್ ಟಿ. ವಾಷಿಂಗ್ಟನ್ ಅವರ ಹೆಸರನ್ನು ಅದಕ್ಕಿಟ್ಟರು. 1939ರವರೆಗೆ ಇಡೀ ನಗರದ ಕಪ್ಪು ಮಕ್ಕಳಿಗಿದ್ದ ಪ್ರೌಢಶಾಲೆ ಇದೊಂದೇ. ಮುಂದೆ ಬೇಸ್‌ಬಾಲ್ ಆಟದಲ್ಲಿ ವಿಖ್ಯಾತರಾದ ಅರ್ನಿ ಬ್ಯಾಂಕ್ಸ್ ಓದಿದ್ದು ಇಲ್ಲಿಯೇ.

ವರ್ಣಭೇದದ ಶಾಲೆಗಳು ಸಂವಿಧಾನಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪಿತ್ತಿತು. ಆದರೆ ಡಲ್ಲಾಸಿನಲ್ಲಿ ಬದಲಾವಣೆ ಆಮೆಯ ನಡಿಗೆಯಲ್ಲಿ ಬಂತು. 1970ರಲ್ಲಿ ಸ್ಯಾಮ್ ಟ್ಯಾಸ್ಬಿ ಎಂಬ ತಂದೆ ತನ್ನ ಮಕ್ಕಳ ಪರವಾಗಿ ನ್ಯಾಯಾಲಯದ ಮೊರೆಹೊಕ್ಕರು. ಮಕ್ಕಳನ್ನು ಬಸ್ಸುಗಳಲ್ಲಿ ದೂರದ ಬಡಾವಣೆಗಳ ಶಾಲೆಗಳಿಗೆ ಕಳುಹಿಸಿ ಬೆರೆಸುವ ಕ್ರಮ ಆ ವರ್ಷಗಳಲ್ಲಿ ದೇಶದ ಅನೇಕ ನಗರಗಳಲ್ಲಿ ಜಾರಿಗೆ ಬಂದಿತ್ತು. ಬಿಳಿಯ ಪೋಷಕರಲ್ಲಿ ಅನೇಕರು ಇದನ್ನು ಪ್ರತಿಭಟಿಸಿದರು. ಕೆಲವರು ಊರ ಹೊರಗಿನ ಬಡಾವಣೆಗಳಿಗೆ ಮನೆಯನ್ನೇ ಬದಲಿಸಿದರು.

ಒತ್ತಾಯದಿಂದ ಆಗದ್ದನ್ನು ಆಕರ್ಷಣೆಯಿಂದ ಸಾಧಿಸಬಹುದೇ ಎಂಬ ಯೋಚನೆ ಹುಟ್ಟಿದ್ದು ಆಗ. ಬೇರೆಲ್ಲೂ ಸಿಗದ ಶಿಕ್ಷಣವನ್ನು ಒಂದು ಶಾಲೆಯಲ್ಲಿ ಕೊಟ್ಟರೆ ಎಲ್ಲ ಬಡಾವಣೆಗಳ ಮಕ್ಕಳೂ ತಾವಾಗಿಯೇ ಅಲ್ಲಿಗೆ ಬರುತ್ತಾರೆ ಎಂಬುದು ಅದರ ತಿರುಳು. 1976ರಲ್ಲಿ ನ್ಯಾಯಾಲಯದ ಆದೇಶದಂತೆ ರೂಪಿಸಿದ ಯೋಜನೆಯಲ್ಲಿ ಹಳೆಯ ಬೂಕರ್ ಟಿ. ವಾಷಿಂಗ್ಟನ್ ಶಾಲೆ ಕಲಾಶಾಲೆಯಾಯಿತು. ಹಿಂದೆ ಬಿಳಿಯ ಮಕ್ಕಳಾರೂ ಕಾಲಿಡದಿದ್ದ ಕಟ್ಟಡಕ್ಕೆ ಅವರೂ ಬರತೊಡಗಿದರು.

ಫಲ ಕಣ್ಣೆದುರಿಗಿದೆ. ಜಾಸ್ ತುತ್ತೂರಿ ವಾದಕ ರಾಯ್ ಹಾರ್ಗ್ರೋವ್, ಗಾಯಕಿ ಎರಿಕಾ ಬಾಡು ಇಲ್ಲಿ ಕಲಿತವರು. ಸಿತಾರ್ ಮಾಂತ್ರಿಕ ಪಂಡಿತ್ ರವಿಶಂಕರ್ ಅವರ ಪುತ್ರಿ ನೋರಾ ಜೋನ್ಸ್ ಕೂಡ ಇದೇ ಶಾಲೆಯ ವಿದ್ಯಾರ್ಥಿನಿ. 2003ರಲ್ಲಿ ಆಕೆ ಐದು ಗ್ರ್ಯಾಮಿ ಪ್ರಶಸ್ತಿಗಳನ್ನು ಪಡೆದರು. ಅದೇ ವರ್ಷ ಡಲ್ಲಾಸ್ ಶಾಲೆಗಳ ಮೇಲಿದ್ದ ನ್ಯಾಯಾಲಯದ ಉಸ್ತುವಾರಿ ಕೊನೆಗೊಂಡಿತು. 2008ರಲ್ಲಿ ಹಳೆಯ ಕಟ್ಟಡವನ್ನು ಉಳಿಸಿಕೊಂಡೇ ಹೊಸ ಕಟ್ಟಡ ತಲೆಯೆತ್ತಿತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಳೆಯ ಶಾಲೆ, ಅದೆಷ್ಟೇ ಅನ್ಯಾಯದ ವ್ಯವಸ್ಥೆಯ ಕೂಸಾಗಿದ್ದರೂ, ಬಾಗಿಲಿಗೆ ಬಂದ ಕಪ್ಪು ಮಗುವಿನ ಪ್ರತಿಭೆಯನ್ನು ಪರೀಕ್ಷಿಸುತ್ತಿರಲಿಲ್ಲ. ಇಂದಿನ ಶಾಲೆ ಪರೀಕ್ಷಿಸುತ್ತದೆ. ಚಿಕ್ಕಂದಿನಲ್ಲಿಯೇ ಹಣ ಕೊಟ್ಟು ಪಾಠ ಹೇಳಿಸಿಕೊಂಡ ಮಗುವಿಗೂ ಅದಿಲ್ಲದ ಮಗುವಿಗೂ ಆ ಪರೀಕ್ಷೆ ಒಂದೇ. ವರ್ಣದ ಗೋಡೆ ಬಿದ್ದ ಜಾಗದಲ್ಲಿ ಬಡತನದ ಗೋಡೆ ಏಳದಂತೆ ನೋಡಿಕೊಳ್ಳಬೇಕಾದರೆ ಕಲೆಯ ಪಾಠ ಪ್ರಾಥಮಿಕ ಶಾಲೆಯಿಂದಲೇ ಎಲ್ಲ ಮಕ್ಕಳಿಗೂ ದೊರೆಯಬೇಕು. ವಿದ್ಯಾರ್ಥಿಗಳು ಈ ಚರಿತ್ರೆಯನ್ನು ಓದುವಾಗ ಈ ಮಾತನ್ನೂ ಚರ್ಚಿಸುವುದು ಒಳ್ಳೆಯದು.