ತಿಮಿಂಗಿಲದ ಬಾಯಿಂದ ಬಂದ ಕುಪ್ಪಸ

ಟಿವಿಯಲ್ಲಿ ನನ್ನನ್ನು ನೋಡುವವರಿಗೆ ಕೋಟು ಕಾಣುತ್ತೆ, ಟೈ ಕಾಣುತ್ತೆ. ಕೋಟಿನ ಒಳಗೆ ಸೊಂಟಕ್ಕೆ ಬಿಗಿದಿರುವ ಬೆಲ್ಟ್ ಕಾಣಲ್ಲ. ಎಲೆಕ್ಷನ್ ಸಮಯದಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕೂತು ಕೂತು ಬೆನ್ನು ಹಿಡಿದುಕೊಂಡಿತ್ತು. ಡಾಕ್ಟರು ಬೆಲ್ಟ್ ಬರೆದುಕೊಟ್ಟರು. ಮನೆಗೆ ತಂದು ಡಬ್ಬಿ ತೆರೆದೆ. ದಪ್ಪ ಬಟ್ಟೆ, ಅದರೊಳಗೆ ಉದ್ದುದ್ದ ಜೇಬು, ಒಂದೊಂದು ಜೇಬಿನಲ್ಲೂ ಸ್ವಲ್ಪ ಬಾಗಿದ ಒಂದು ಪಟ್ಟಿ. ಡಬ್ಬಿಯ ಮೇಲೆ ಆ ಪಟ್ಟಿಗೆ ಇದ್ದ ಹೆಸರು 'ಸ್ಟೇ'.

ಎಂಜಿನಿಯರಿಂಗ್ ಓದಿದವನ ಚಾಳಿ, ಪಟ್ಟಿ ಹೊರಗೆಳೆದು ಬಗ್ಗಿಸಿ ನೋಡಿದೆ. ಬಟ್ಟೆ ಎಳೆತವನ್ನು ತಡೆಯುತ್ತೆ, ಪಟ್ಟಿ ಬಾಗುವಿಕೆಯನ್ನು ತಡೆಯುತ್ತೆ, ಎರಡೂ ಸೇರಿ ಬೆನ್ನನ್ನು ನಿಲ್ಲಿಸುತ್ತವೆ. ಸರಳವಾದ ವಿನ್ಯಾಸ. ಇದನ್ನು ಮೊದಲು ಯೋಚಿಸಿದವರು ಯಾರು ಅಂತ ಹುಡುಕುತ್ತಾ ಹೋದೆ. ಹೋಗಿ ನಿಂತಿದ್ದು ಸ್ವಾತಂತ್ರ್ಯಕ್ಕೆ ಮುಂಚಿನ ಅಮೆರಿಕದಲ್ಲಿ, ಬಾಸ್ಟನ್ ಪಟ್ಟಣದ ಒಂದು ಸಭೆಯಲ್ಲಿ.

ಅಮೆರಿಕದ ಸ್ವಾತಂತ್ರ್ಯ ಹೋರಾಟ ಅಂದ ಕೂಡಲೇ ನಮಗೆ ನೆನಪಾಗೋದು ಚಹಾ. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ ಕಥೆಯನ್ನು ಹೈಸ್ಕೂಲಿನಲ್ಲೇ ಓದಿದ್ದೇವೆ. ಆದರೆ ಅದಕ್ಕೂ ಆರು ವರ್ಷ ಮೊದಲು, 1767ರ ಅಕ್ಟೋಬರ್ 28ರಂದು, ಅದೇ ಊರಿನ ಫ್ಯಾನ್ಯೂಯಿಲ್ ಹಾಲ್‌ನಲ್ಲಿ ಜನ ಸೇರಿದ್ದರು. ಬ್ರಿಟಿಷ್ ಸಂಸತ್ತು ಗಾಜು, ಸೀಸ, ಬಣ್ಣ, ಕಾಗದ, ಚಹಾದ ಮೇಲೆ ಹೊಸ ಸುಂಕ ಹಾಕಿದ ವರ್ಷ ಅದು. ಸಭೆ ಒಂದು ಪಟ್ಟಿ ಮಾಡಿತು. ಡಿಸೆಂಬರ್ 31ರ ನಂತರ ಹೊರಗಿನಿಂದ ಬಂದ ಈ ಸಾಮಾನುಗಳನ್ನು ನಾವು ಕೊಳ್ಳಲ್ಲ, ನಮ್ಮೂರಿನ ಉತ್ಪಾದನೆಯನ್ನು ಬೆಳೆಸುತ್ತೇವೆ ಅನ್ನೋದು ಪ್ರತಿಜ್ಞೆ. ಹಗ್ಗ, ಲಂಗರು, ಕುದುರೆಗಾಡಿ, ಟೋಪಿ, ಶೂ, ಕೈಗವಸು, ಪಿಂಗಾಣಿ, ಬೆಂಕಿ ಆರಿಸುವ ಯಂತ್ರ, ಚೀಸ್. ಇವುಗಳ ನಡುವೆ ಇನ್ನೊಂದು ಹೆಸರು: ಹೆಂಗಸರ ಮತ್ತು ಮಕ್ಕಳ ಸ್ಟೇಸ್.

ಒಂದು ಸಾಮ್ರಾಜ್ಯದ ವಿರುದ್ಧ ಊರು ತಿರುಗಿ ಬೀಳ್ತಾ ಇದೆ. ಆ ಪಟ್ಟಿಯಲ್ಲಿ ಹೆಂಗಸರ ಒಳಕುಪ್ಪಸಕ್ಕೆ ಏನು ಕೆಲಸ?

ಮೊದಲು ಆ ಉಡುಪು ಏನು ಅಂತ ನೋಡೋಣ. ಕಾರ್ಸೆಟ್ ಅಂದರೆ ಹಾಲಿವುಡ್ ಸಿನಿಮಾ ನೆನಪಾಗುತ್ತೆ. ನಾಯಕಿ ಮಂಚದ ಕಂಬ ಹಿಡಿದು ನಿಂತಿರ್ತಾಳೆ, ಹಿಂದಿನಿಂದ ಕೆಲಸದಾಕೆ ದಾರ ಜಗ್ಗುತ್ತಿರ್ತಾಳೆ. ಅದು 19ನೇ ಶತಮಾನದ ಕಥೆ. ನಾವು ಮಾತಾಡುತ್ತಿರುವ 18ನೇ ಶತಮಾನದ ಸ್ಟೇಸ್ ಬೇರೆ. ಸೊಂಟವನ್ನು ಕಣಜದ ಹುಳುವಿನ ಹಾಗೆ ಹಿಂಡೋದು ಅದರ ಉದ್ದೇಶ ಆಗಿರಲಿಲ್ಲ. ಮುಂಡವನ್ನು ಲಾಳಿಕೆಯ ಆಕಾರಕ್ಕೆ ತಂದು, ಬೆನ್ನನ್ನು ನೆಟ್ಟಗೆ ನಿಲ್ಲಿಸಿ, ಮೇಲಿನ ಉಡುಪಿಗೆ ಅಚ್ಚಿನ ಹಾಗೆ ಇರೋದು ಅದರ ಕೆಲಸ. ಶ್ರೀಮಂತರ ಮನೆಯಾಕೆ ರೇಷ್ಮೆ ಹೊದಿಸಿದ್ದು ತೊಟ್ಟರೆ, ಬಡವರ ಮನೆಯಾಕೆ ಒರಟು ಲಿನನ್ನಿನದೋ ಚರ್ಮದ್ದೋ ತೊಡುತ್ತಿದ್ದಳು. ಬಟ್ಟೆ ಒಗೆಯುವವಳೂ ತೊಟ್ಟಿದ್ದಳು, ಮೀನು ಮಾರುವವಳೂ ತೊಟ್ಟಿದ್ದಳು. ಓಡಿಹೋದ ಗುಲಾಮ ಹೆಂಗಸರನ್ನು ಹಿಡಿದುಕೊಡಿ ಅಂತ ಮಾಲೀಕರು ಪತ್ರಿಕೆಗಳಲ್ಲಿ ಕೊಡುತ್ತಿದ್ದ ಜಾಹೀರಾತುಗಳಲ್ಲಿ ಅವರ ಮೈಮೇಲಿದ್ದ ಬಟ್ಟೆಗಳ ವಿವರ ಇರುತ್ತಿತ್ತು. ಕೆಲವದರಲ್ಲಿ ಸ್ಟೇಸ್ ಕೂಡ ಇದೆ.

ಮಕ್ಕಳನ್ನೂ ಬಿಡುತ್ತಿರಲಿಲ್ಲ. ಎಳೆಯ ಮೈ ಸೊಟ್ಟಗೆ ಬೆಳೆಯಬಾರದು ಅನ್ನೋ ನಂಬಿಕೆ. ಜಾರ್ಜ್ ವಾಷಿಂಗ್ಟನ್ 1759ರಲ್ಲಿ ಮಾರ್ಥಾ ಅವರನ್ನು ಮದುವೆಯಾದ ಮೇಲೆ ಲಂಡನ್ನಿನ ವ್ಯಾಪಾರಿಗಳಿಗೆ ಸಾಮಾನಿನ ಪಟ್ಟಿ ಕಳಿಸುತ್ತಿದ್ದರು. ಅದರಲ್ಲಿ ನಾಲ್ಕು ವರ್ಷವೂ ತುಂಬಿರದ ಮಲಮಗಳಿಗೆ ಬೇಕಾದ ಇಂಥ ಬಿಗಿ ಉಡುಪೂ ಇತ್ತು. ಮಕ್ಕಳಿಗೆ ಹೀಗೆ ಬಿಗಿಯಬೇಡಿ, ಎದೆ ಕುಗ್ಗುತ್ತೆ, ಉಸಿರಿಗೆ ತೊಂದರೆ ಅಂತ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ 1693ರಷ್ಟು ಹಿಂದೆಯೇ ಬರೆದಿದ್ದರು. ಲಾಕ್ ಅವರ ರಾಜಕೀಯ ವಿಚಾರಗಳನ್ನು ಅಮೆರಿಕದ ನಾಯಕರು ತಲೆಮೇಲೆ ಹೊತ್ತು ಮೆರೆಸಿದರು. ಈ ಮಾತು ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

ಇನ್ನು ಆ ಪಟ್ಟಿಗಳ ವಿಷಯ. ಇವತ್ತು ನನ್ನ ಬೆಲ್ಟಿನಲ್ಲಿ ಲೋಹ ಇದೆ. ಅವತ್ತು ಇದ್ದದ್ದು ತಿಮಿಂಗಿಲ. 'ತಿಮಿಂಗಿಲದ ಮೂಳೆ' ಅಂತ ಕರೆಯುತ್ತಿದ್ದರು, ಆದರೆ ಅದು ಮೂಳೆಯೇ ಅಲ್ಲ. ಹಲ್ಲಿಲ್ಲದ ಜಾತಿಯ ತಿಮಿಂಗಿಲಗಳ ಮೇಲ್ದವಡೆಯಿಂದ ನೂರಾರು ಉದ್ದನೆಯ ಹಲಗೆಗಳು ಜೋತುಬಿದ್ದಿರುತ್ತವೆ. ಸಮುದ್ರದ ನೀರನ್ನು ಜರಡಿ ಹಿಡಿದು ಸಣ್ಣ ಜೀವಿಗಳನ್ನು ಹಿಡಿಯೋಕೆ ಇರುವ ಅಂಗ ಅದು, ಹೆಸರು ಬ್ಯಾಲೀನ್. ನಮ್ಮ ಉಗುರು, ಕೂದಲು ಯಾವುದರಿಂದ ಆಗಿದೆಯೋ ಅದೇ ಕೆರಾಟಿನ್‌ನಿಂದ ಆಗಿದ್ದು. ಎಳೆಯ ಉದ್ದಕ್ಕೂ ಸೀಳಿದರೆ ಬೇಕಾದಷ್ಟು ತೆಳು ಪಟ್ಟಿ ಸಿಗುತ್ತೆ. ಬಗ್ಗಿಸಿದರೆ ಮುರಿಯಲ್ಲ, ಬಿಟ್ಟರೆ ನೆಟ್ಟಗಾಗುತ್ತೆ. ತೊಟ್ಟವರ ಮೈ ಬಿಸಿಗೆ ನಿಧಾನಕ್ಕೆ ಮೆತ್ತಗಾಗಿ ಅವರದೇ ಆಕಾರಕ್ಕೆ ಕೂತುಕೊಳ್ಳುತ್ತೆ. ಪ್ಲಾಸ್ಟಿಕ್ ಇಲ್ಲದ ಕಾಲದ ಪ್ಲಾಸ್ಟಿಕ್ ಅನ್ನಿ.

ಒಂದು ಸ್ಟೇಸ್‌ನಲ್ಲಿ ಇಂಥ ಹತ್ತಾರು ಪಟ್ಟಿ, ಒತ್ತಾಗಿ ತುಂಬಿದ್ದಾದರೆ ನೂರಕ್ಕೂ ಹೆಚ್ಚು. ಮೊದಲು ಮೈ ಅಳತೆ ತೆಗೆಯಬೇಕು. ಆಮೇಲೆ ಎರಡು ಮೂರು ಪದರದ ಗಟ್ಟಿ ಬಟ್ಟೆಯನ್ನು ಸೇರಿಸಿ ಸಾಲು ಸಾಲಾಗಿ ಕೈಹೊಲಿಗೆ ಹಾಕಬೇಕು. ಎರಡು ಸಾಲಿನ ನಡುವೆ ಉಳಿದ ಸಂದಿಗೆ ಪಟ್ಟಿ ತೂರಿಸಬೇಕು. ಹಿಂದೆ ದಾರ ಕಟ್ಟುವ ಒಂದೊಂದು ತೂತಿನ ಸುತ್ತಲೂ ಸೂಜಿಯಲ್ಲೇ ಹೆಣೆಯಬೇಕು. ಕತ್ತರಿಸುವುದು, ಪಟ್ಟಿ ತೂರಿಸುವುದು ಗಂಡಸರ ಕೆಲಸ, ತೋಳಿನ ಬಲ ಬೇಕು ಅನ್ನೋ ಕಾರಣ. ಸಾಲು ಸಾಲು ಹೊಲಿಗೆ ಹೆಂಗಸರಿಗೆ, ಕೂಲಿ ಕಡಿಮೆ. ಅಂಗಡಿಯ ಹಲಗೆಯ ಮೇಲೆ ಹೆಸರು ಮಾತ್ರ ಬಹುಪಾಲು ಗಂಡಸಿನದು.

ಈಗ ದುಡ್ಡಿನ ದಾರಿ ನೋಡಿ. ಮ್ಯಾಸಚೂಸೆಟ್ಸ್ ಕರಾವಳಿಯ ನ್ಯಾಂಟಕೆಟ್ ದ್ವೀಪದವರು ತಿಮಿಂಗಿಲ ಬೇಟೆಗೆ ಹೆಸರಾದವರು. ಆರಂಭದ ದಿನಗಳಲ್ಲಿ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದವರಲ್ಲಿ ಹೆಚ್ಚಿನವರು ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನ. ಬಿಳಿಯರ ಅಂಗಡಿಯಲ್ಲಿ ಸಾಲ, ಸಾಲ ತೀರಿಸೋಕೆ ಬೇಟೆ, ಬೇಟೆಯಿಂದ ಬಂದಾಗ ಮತ್ತೆ ಸಾಲ. ಹೀಗೆ ಬಂದ ಬ್ಯಾಲೀನ್ ಲಂಡನ್ನಿಗೆ ಹಡಗು ಹತ್ತುತ್ತಿತ್ತು. 1764ರ ಸಕ್ಕರೆ ಕಾಯ್ದೆ ಇದನ್ನೂ ನಿಯಂತ್ರಿತ ಸರಕಿನ ಪಟ್ಟಿಗೆ ಸೇರಿಸಿತು. ಅಂದರೆ ಬ್ರಿಟಿಷ್ ಸಾಮ್ರಾಜ್ಯದ ಹೊರಗಿನ ಗಿರಾಕಿಗೆ ನೇರವಾಗಿ ಮಾರುವಂತಿಲ್ಲ. ಲಂಡನ್ನಿನಲ್ಲಿ ಆ ಪಟ್ಟಿಗಳು ಬಟ್ಟೆಯೊಳಗೆ ಸೇರುತ್ತಿದ್ದವು. ಸಿದ್ಧವಾದ ಸ್ಟೇಸ್ ಮತ್ತೆ ಹಡಗು ಹತ್ತಿ ಬಾಸ್ಟನ್ನಿಗೆ, ವರ್ಜೀನಿಯಾಕ್ಕೆ ಬರುತ್ತಿತ್ತು. ಸಮುದ್ರ ಇವರದು, ದೋಣಿ ಇವರದು, ಪ್ರಾಣಾಪಾಯ ಇವರದು. ಫ್ಯಾಷನ್ ಲಂಡನ್ನಿನದು, ಲಾಭವೂ ಲಂಡನ್ನಿನದು.

ಹಾಗಂತ ಅಮೆರಿಕದಲ್ಲಿ ಸ್ಟೇಸ್ ಮಾಡುವವರು ಇರಲಿಲ್ಲ ಅಂತಲ್ಲ. ದೊಡ್ಡ ಊರುಗಳಲ್ಲೆಲ್ಲ ಇದ್ದರು. ಪತ್ರಿಕೆಗಳಲ್ಲಿ ಜಾಹೀರಾತು ಕೊಡುತ್ತಿದ್ದರು. ಇತ್ತೀಚೆಗಷ್ಟೇ ಲಂಡನ್ನಿನಿಂದ ಬಂದವರು, ಹೊಸ ಫ್ಯಾಷನ್ ಬಲ್ಲವರು ಅಂತ ಹೇಳಿಕೊಳ್ಳೋದು ಮಾಮೂಲು. ಬೆನ್ನು ಸೊಟ್ಟಗಾದವರಿಗೂ ಹೊಂದುವ ಹಾಗೆ ಮಾಡಿಕೊಡುತ್ತೇವೆ ಅನ್ನುವ ಜಾಹೀರಾತುಗಳೂ ಇದ್ದವು. ಅದನ್ನು ಓದುವಾಗ ನನ್ನ ಕೈ ತಾನಾಗಿ ಸೊಂಟದ ಬೆಲ್ಟಿಗೆ ಹೋಯಿತು.

ಅದೇ ಪತ್ರಿಕೆಗಳಲ್ಲಿ ಇನ್ನೊಂದು ಬಗೆಯ ಜಾಹೀರಾತು. ನಮ್ಮ ಜೀತದಾಳು ಓಡಿಹೋಗಿದ್ದಾನೆ, ಕಸುಬು ಸ್ಟೇಸ್ ಮಾಡೋದು, ಹಿಡಿದುಕೊಟ್ಟವರಿಗೆ ಬಹುಮಾನ! ಹಡಗಿನ ಚಾರ್ಜು ಕೊಡೋಕೆ ಆಗದ ಬಡವರು ನಾಲ್ಕರಿಂದ ಏಳು ವರ್ಷದ ದುಡಿಮೆಯನ್ನು ಬರೆದುಕೊಟ್ಟು ಅಮೆರಿಕಕ್ಕೆ ಬರುತ್ತಿದ್ದರು. ಸಣ್ಣಪುಟ್ಟ ಕಳ್ಳತನಕ್ಕೆ ಸಿಕ್ಕಿಬಿದ್ದು ಗಡಿಪಾರಾಗಿ ಬಂದವರೂ ಇದ್ದರು. 1718ರಿಂದ 1775ರವರೆಗೆ ಬ್ರಿಟನ್ ಹೀಗೆ ಸುಮಾರು 50,000 ಜನರನ್ನು ಸಾಗಿಸಿತು. ಹೆಂಗಸರ ಮೈಗೆ ಬಿಗಿ ಉಡುಪು ಹೊಲಿಯುತ್ತಿದ್ದ ಕೆಲವು ಕೈಗಳನ್ನು ಕಾನೂನೇ ಬಿಗಿದಿತ್ತು.

ಈಗ ಬಾಸ್ಟನ್ನಿನ ಪಟ್ಟಿ ಅರ್ಥ ಆಗುತ್ತೆ. ನಮ್ಮದೇ ಸಮುದ್ರದ ಸರಕು, ಅದನ್ನು ಹೊಲಿಯಬಲ್ಲ ಕೈಗಳೂ ನಮ್ಮೂರಲ್ಲೇ ಇವೆ, ಹಾಗಿದ್ದರೂ ಲಂಡನ್ನಿನ ಅಂಗಡಿಗೆ ಯಾಕೆ ದುಡ್ಡು ಸುರಿಯಬೇಕು? ಆ ಪ್ರತಿಜ್ಞೆಗೆ ಸಹಿ ಹಾಕಿದವರಲ್ಲಿ ಹೆಂಗಸರೂ ಇದ್ದರು. ಮತದಾನದ ಹಕ್ಕು ಅವರಿಗೆ ಇರಲಿಲ್ಲ. ಯಾವುದನ್ನು ತೊಡಲ್ಲ ಅಂತ ತೀರ್ಮಾನಿಸುವ ಹಕ್ಕನ್ನು ಅವರೇ ತೆಗೆದುಕೊಂಡರು. ಚಹಾ ಎಸೆದ ಗಂಡಸರ ಚಿತ್ರ ನಮ್ಮ ಪಠ್ಯಪುಸ್ತಕದಲ್ಲಿದೆ. ಸಹಿ ಹಾಕಿದ ಹೆಂಗಸರ ಚಿತ್ರ ಇಲ್ಲ.

ಕಥೆ ಇಲ್ಲಿಗೆ ಮುಗಿಯಲ್ಲ. ಇಂಗ್ಲೆಂಡಿನ ಥೆಟ್‌ಫರ್ಡ್ ಅನ್ನೋ ಊರಲ್ಲಿ ಒಬ್ಬ ಸ್ಟೇಸ್ ಕಸುಬಿನವನಿದ್ದ. 1737ರಲ್ಲಿ ಅವನಿಗೊಬ್ಬ ಮಗ ಹುಟ್ಟಿದ. ಹುಡುಗ ಹದಿಮೂರರ ಹೊತ್ತಿಗೆ ಶಾಲೆ ಬಿಟ್ಟು ಅಪ್ಪನ ಪಕ್ಕ ಕೂತು ಸೂಜಿ ಹಿಡಿದ. 1759ರಲ್ಲಿ ಸ್ಯಾಂಡ್‌ವಿಚ್ ಅನ್ನೋ ಊರಲ್ಲಿ ಸ್ವಂತ ಅಂಗಡಿ ಇಟ್ಟ, ಮದುವೆಯಾದ. ಅಂಗಡಿ ನಿಲ್ಲಲಿಲ್ಲ, ಮರುವರ್ಷವೇ ಹೆಂಡತಿ ತೀರಿಕೊಂಡಳು. ಅಬಕಾರಿ ಇಲಾಖೆ ಸೇರಿದ, ಕೆಲಸದಿಂದ ತೆಗೆದರು. ಮತ್ತೆ ಸ್ಟೇಸ್ ಹೊಲಿದ. ಮತ್ತೆ ಇಲಾಖೆ, ಮತ್ತೆ ವಜಾ. 1774ರ ಕೊನೆಗೆ ಬೆಂಜಮಿನ್ ಫ್ರಾಂಕ್ಲಿನ್ ಕೊಟ್ಟ ಪರಿಚಯದ ಕಾಗದ ಹಿಡಿದು ಫಿಲಡೆಲ್ಫಿಯಾದಲ್ಲಿ ಇಳಿದಾಗ ಅವನಿಗೆ ಮೂವತ್ತೇಳು. ಅವನ ಹೆಸರು ಥಾಮಸ್ ಪೇನ್.

ಅಲ್ಲಿ ಪತ್ರಿಕೆಯೊಂದರ ಸಂಪಾದಕನಾದ. 1775ರಲ್ಲಿ ಆ 'ಪೆನ್ಸಿಲ್ವೇನಿಯಾ ಮ್ಯಾಗಜಿನ್' ರಾಬರ್ಟ್ ಕ್ಲೈವ್‌ನ ಬದುಕು ಮತ್ತು ಸಾವಿನ ಬಗ್ಗೆ ಕಟುವಾದ ಬರಹ ಪ್ರಕಟಿಸಿತು. ಹೌದು, ನಮ್ಮ ಪ್ಲಾಸಿಯ ಕ್ಲೈವ್. ಇಂಡಿಯಾದ ಲೂಟಿ ಅಮೆರಿಕದ ಓದುಗರಿಗೆ ಎಚ್ಚರಿಕೆಯ ಪಾಠವಾಗಿತ್ತು. 1776ರ ಜನವರಿಯಲ್ಲಿ ಅವನ 'ಕಾಮನ್ ಸೆನ್ಸ್' ಹೊರಬಂತು. ಸಣ್ಣದೊಂದು ಪುಸ್ತಿಕೆ. ರಾಜನಿಗೆ ಮನವಿ ಕೊಡೋದು ಸಾಕು, ಸ್ವಾತಂತ್ರ್ಯವನ್ನೇ ಕೇಳಿ ಅಂತ ಆಡುಮಾತಿನಲ್ಲಿ ಹೇಳಿತು. ಆರು ತಿಂಗಳಲ್ಲಿ ಸ್ವಾತಂತ್ರ್ಯ ಘೋಷಣೆ ಆಯಿತು.

ಪೇನ್ ಆಮೇಲೆ ಕಬ್ಬಿಣದ ಸೇತುವೆ ವಿನ್ಯಾಸ ಮಾಡಿದ. 1788ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಸ್ಟೇಸ್‌ನಿಂದಲೇ ಸೇತುವೆ ಹುಟ್ಟಿತು ಅಂತ ನಾನು ಹೇಳಲ್ಲ. ಆದರೆ ತೆಳುವಾದ ಪಟ್ಟಿಗಳನ್ನು ಸರಿಯಾಗಿ ಬಾಗಿಸಿ ಜೋಡಿಸಿದರೆ ಎಷ್ಟು ಭಾರ ಹೊರುತ್ತವೆ ಅನ್ನೋದು ಅವನ ಬೆರಳಿಗೆ ಹದಿಮೂರನೇ ವಯಸ್ಸಿಗೇ ಗೊತ್ತಿತ್ತು. ನನಗೆ ಅದನ್ನು ಕಲಿಯೋಕೆ ನಾಲ್ಕು ವರ್ಷದ ಡಿಗ್ರಿ ಬೇಕಾಯಿತು.

ವಿರೋಧಿಗಳು ಅವನಿಗೆ ಕೊಟ್ಟ ಉತ್ತರ ಏನು ಗೊತ್ತಾ? 1793ರ ಜನವರಿಯಲ್ಲಿ ಜೇಮ್ಸ್ ಗಿಲ್ರೇ ಒಂದು ವ್ಯಂಗ್ಯಚಿತ್ರ ಬರೆದ. ಬ್ರಿಟಾನಿಯಾ, ಅಂದರೆ ದೇಶಮಾತೆ, ಮರ ಹಿಡಿದು ನಿಂತಿದ್ದಾಳೆ. ಹಿಂದೆ ಪೇನ್ ಅವಳಿಗೆ ಕಾಲು ಕೊಟ್ಟು ಸ್ಟೇಸ್‌ನ ದಾರ ಜಗ್ಗುತ್ತಿದ್ದಾನೆ. ಜೇಬಿನಿಂದ ಇಣುಕುವ ಅಳತೆಪಟ್ಟಿಯ ಮೇಲೆ ಅವನ ಪುಸ್ತಕ 'ರೈಟ್ಸ್ ಆಫ್ ಮ್ಯಾನ್' ಹೆಸರು. ಥೆಟ್‌ಫರ್ಡಿನ ಸ್ಟೇಸ್ ಹೊಲಿಯುವವನು ಅನ್ನೋ ಅಂಗಡಿ ಹಲಗೆ ಬೇರೆ. ಚಿತ್ರ ಅದ್ಭುತವಾಗಿದೆ, ನಗು ಬರುತ್ತೆ. ಆದರೆ ಹೊಲಿಯುವವನಿಗೆ ರಾಜ್ಯಾಂಗದ ಮಾತು ಯಾಕೆ ಅನ್ನೋ ತಿರಸ್ಕಾರ ಆ ನಗುವಿನೊಳಗೆ ಕೂತಿದೆ. ವಾದ ಸೋತಾಗ ಕಸುಬು ಕೇಳೋದು ಬಹಳ ಹಳೆಯ ಚಾಳಿ.

ಇದನ್ನು ಬರೆಯುವಾಗ ಒಂದು ತಪ್ಪು ಒಪ್ಪಿಕೊಳ್ಳಲೇಬೇಕು. ರೂಪಾಯಿ ಬೆಲೆ ಕುಸಿದಾಗ ನಾನೊಂದು ಫೋನ್-ಇನ್ ಕಾರ್ಯಕ್ರಮ ನಡೆಸಿದ್ದೆ. ಪೀಣ್ಯದಿಂದ ಒಬ್ಬ ಹೆಣ್ಣುಮಗಳ ಕರೆ ಬಂತು. ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತೇನೆ ಅಂದರು. "ಡಾಲರ್ ಏರಿದ್ರೆ ಎಕ್ಸ್‌ಪೋರ್ಟ್‌ಗೆ ಒಳ್ಳೇದು ಅಂತೀರಲ್ಲ ಸರ್, ಮತ್ತೆ ನಮ್ಗೆ ಟಾರ್ಗೆಟ್ ಮಾತ್ರ ಯಾಕೆ ಏರುತ್ತೆ, ಸಂಬಳ ಯಾಕೆ ಏರಲ್ಲ?" ನಾನು, "ಅಮ್ಮಾ, ಇದು ಎಕಾನಮಿ ವಿಷಯ, ಪರಿಣತರು ಮಾತಾಡ್ತಾ ಇದಾರೆ" ಅಂದು ಕರೆ ಕಟ್ ಮಾಡಿಸಿದೆ. ಸ್ಟುಡಿಯೋದಲ್ಲಿದ್ದ ಪರಿಣತರಲ್ಲಿ ಯಾರೂ ಆ ಸಂಜೆ ಅಷ್ಟು ನೇರವಾದ ಪ್ರಶ್ನೆ ಕೇಳಲಿಲ್ಲ. ಸರಕು ಯಾರದು, ದುಡಿಮೆ ಯಾರದು, ಲಾಭ ಯಾರದು ಅಂತ ಬಾಸ್ಟನ್ನಿನ ಜನ ಕೇಳಿದ ಪ್ರಶ್ನೆಯೂ ಅದೇ ಆಗಿತ್ತು.

ಉತ್ತರ ಅಟ್ಲಾಂಟಿಕ್ಕಿನಲ್ಲಿ ರೈಟ್ ವೇಲ್ ಅನ್ನುವ ಆ ತಿಮಿಂಗಿಲಗಳು ಇವತ್ತು 400ಕ್ಕೂ ಕಡಿಮೆ ಉಳಿದಿವೆ. ಸ್ಟೇಸ್ ಮ್ಯೂಸಿಯಂ ಸೇರಿದೆ. ನನ್ನ ಬೆನ್ನು ಈಗ ಪರವಾಗಿಲ್ಲ, ಬೆಲ್ಟ್ ಬೇಕಾದಾಗ ಮಾತ್ರ ಹಾಕುತ್ತೇನೆ. ಪೀಣ್ಯದ ಆ ಅಮ್ಮ ಮತ್ತೆ ಕರೆ ಮಾಡಿಲ್ಲ. ಫೋನ್-ಇನ್ ಇದ್ದ ದಿನ ಕಂಟ್ರೋಲ್ ರೂಮಿಗೆ ಒಂದು ಮಾತು ಹೇಳಿಟ್ಟಿರುತ್ತೇನೆ: ಕರೆ ಮಾಡಿದವರ ಮಾತು ಮುಗಿಯುವ ತನಕ ಯಾರ ಲೈನೂ ಕಟ್ ಆಗಬಾರದು.