ಆ ಬಾನೆಟ್ ಯಾಕಷ್ಟು ಎತ್ತರ?

ದೊಡ್ಡಪ್ಪನ ಹಳೇ ಜೀಪಿನ ಮೂತಿ ನೋಡಿ ನಾವು ಹುಡುಗ್ರು ನಗ್ತಿದ್ವಿ. ಬಾನೆಟ್ ಅಷ್ಟು ಎತ್ತರ ಯಾಕೆ ಅಂತ ತಿಳಿದದ್ದು ಬೆಂಗಳೂರಿಗೆ ಬಂದು ಎಷ್ಟೋ ವರ್ಷದ ಮೇಲೆ.

1938ರಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿಗೆ ಬಾರ್ನಿ ರೂಸ್ ಅನ್ನೋ ಎಂಜಿನಿಯರ್ ಸೇರಿದ. ಅಲ್ಲಿದ್ದ ನಾಲ್ಕು ಸಿಲಿಂಡರಿನ ಎಂಜಿನ್ 48 ಅಶ್ವಶಕ್ತಿಗೇ ಏದುಸಿರು ಬಿಡ್ತಿತ್ತು. ಅದನ್ನ ಎಸೆಯದೆ, ಒಂದೊಂದೇ ತಿದ್ದುತ್ತಾ 60ಕ್ಕೆ ತಂದ. (ನಮ್ಮ ಭಾಷೇಲಿ ರಿಫ್ಯಾಕ್ಟರಿಂಗ್!) ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು ಓಡಿದ್ದು ಇದೇ 'ಗೋ ಡೆವಿಲ್' ಎಂಜಿನ್ನಿನ ಮೇಲೆ.

ಯುದ್ಧ ಮುಗಿದ ಮೇಲೆ ಇನ್ನಷ್ಟು ಬಲ ಬೇಕಾಯ್ತು. ಗೋ ಡೆವಿಲ್‌ನಲ್ಲಿ ಗಾಳಿ-ಪೆಟ್ರೋಲ್ ಒಳಬರೋ ವಾಲ್ವೂ ಹೊಗೆ ಹೊರಹೋಗೋ ವಾಲ್ವೂ ಸಿಲಿಂಡರಿನ ಪಕ್ಕದಲ್ಲೇ ಇದ್ದವು. ಒಳಬರೋ ಗಾಳಿ ಸುತ್ತಿ ಬಳಸಿ ಬರ್ಬೇಕಿತ್ತು. 'ಹರಿಕೇನ್' ಎಂಜಿನ್ನಿನಲ್ಲಿ ಒಳಬರೋ ವಾಲ್ವನ್ನ ದೊಡ್ಡದು ಮಾಡಿ ತಲೆ ಮೇಲೆ ಕೂರಿಸಿದರು. ಅದೇ 2.2 ಲೀಟರ್, ಬಲ ಮಾತ್ರ 70 ದಾಟಿತು. ಆದ್ರೆ ಎಂಜಿನ್ ಎತ್ತರವಾಗಿ ಹಳೇ ಬಾನೆಟ್ ಮುಚ್ಚಲಿಲ್ಲ. 1953ರ ಸಿಜೆ-3ಬಿ ಜೀಪಿಗೆ ಬಾನೆಟ್ಟನ್ನೇ ಎತ್ತಿಬಿಟ್ಟರು. ಮುಂದೆ ಮಹೀಂದ್ರ ದಶಕಗಳ ಕಾಲ ನಮ್ಮಲ್ಲಿ ತಯಾರಿಸಿದ್ದೂ ಅದೇ ಮೂತಿಯನ್ನೇ.

ದೊಡ್ಡಪ್ಪ ತೀರಿಕೊಂಡ ಮೇಲೆ ಜೀಪು ನನ್ನ ಪಾಲಿಗೆ ಬಂತು. ತೋಟದ ಏರಿನಲ್ಲಿ ಎಳೀತಿರಲಿಲ್ಲ. "ಇದನ್ನ ಕಿತ್ತು ಡೀಸೆಲ್ ಕೂರ್ಸಣ ಸಾರ್" ಅಂದ ಮೆಕ್ಯಾನಿಕ್. ಹೂಂ ಅನ್ನೋ ಮೊದಲು ಕಂಪ್ರೆಷನ್ ನೋಡಿಸಿದೆ. ಎರಡು ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗಿದ್ದವು. ಬದಲಾಯಿಸಿ, ಸೀಟ್ ಕಟ್ ಮಾಡಿಸಿ, ಕಾರ್ಬ್ಯುರೇಟರ್ ತೊಳೆಸಿದೆ. ಹೋದ ವಾರ ಆ ಏರನ್ನ ಸೆಕೆಂಡ್ ಗೇರಲ್ಲೇ ಹತ್ತಿತು. ಹಿಂದಿನ ಸೀಟಲ್ಲಿ ಕೂತಿದ್ದ ದೊಡ್ಡಮ್ಮ, "ಇದು ಅವರು ಓಡಿಸ್ತಿದ್ದಾಗಿನ ಶಬ್ದ ಕಣೋ" ಅಂದ್ರು.